ಮುದ್ದೆಮಾಲು

ಹಾಸನದ ಸೆಷನ್ಸ್ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ
ಭಾಷಾಂತರಕಾರ ನಾನು.
ಕೊಲೆಗೆ ಪದ ಹುಡುಕಬೇಕಿರಲಿಲ್ಲ, ಕಳವಿಗೂ.
ಬದುವಿನ ಜಗಳ ತಾನೇ ನಡೆದು ಬರುತ್ತಿತ್ತು,
ಕೆರ ಬಾಗಿಲಲ್ಲಿ ಬಿಟ್ಟು.

ಒಂದು ಮಂಗಳವಾರ ಬಂತು ಆ ಕಡತ.
ಆರೋಪಿ: ಸಣ್ಣಕೆಂಚಮ್ಮ, ಐವತ್ತೆರಡು,
ದುದ್ದದ ಕಡೆಯವಳು, ಶಾಲೆಯ ಬಿಸಿಯೂಟಕ್ಕೆ ಸೌಟು ಹಿಡಿದವಳು.
ಏಳು ತಿಂಗಳ ಸಂಬಳ ಬಾರದೆ
ಡಿ.ಸಿ. ಆಫೀಸಿನ ಗೇಟಿಗೆದುರು ಕೂತು
ಮೂರನೆಯ ಸಂಜೆ ಎದ್ದು,
ಸೆರಗು ಬಿಗಿದು, ಹಿಡಿ ಮಣ್ಣು ಬಾಚಿ
ಗಾಳಿಗೆ ತೂರಿ ಅಂದಳಂತೆ:
"ಈ ಸರ್ಕಾರದ ಮನೆ ಹಾಳಾಗ,
ಇದರ ಒಲೇಲಿ ಬೆಕ್ಕು ಮಲಗ."

ಹೆಡ್ ಕಾನ್‌ಸ್ಟೇಬಲ್ ಲಿಂಗರಾಜು ಬರೆದುಕೊಂಡ,
"ಹಾಳಾಗ" ಎಂಬಲ್ಲಿ ಪೆನ್ನು ಒತ್ತಿ.
ಕಲಂ ನೂರ ಇಪ್ಪತ್ತನಾಲ್ಕು ಎ.
ಮುದ್ದೆಮಾಲು: ಕೆಂಪು ಮಣ್ಣು, ಸುಮಾರು ಅರವತ್ತು ಗ್ರಾಂ,
ಪ್ಲಾಸ್ಟಿಕ್ ಚೀಲ, ಅರಗಿನ ಮೊಹರು.
ತೂರಿದ್ದು ಗಾಳಿಗೆ ಹೋಗಿತ್ತಲ್ಲ,
ಇದು ಎಲ್ಲಿಯದು ಎಂದು ಯಾರೂ ಕೇಳಲಿಲ್ಲ.

ಇಂಗ್ಲಿಷಿನಲ್ಲಿ ಕಾನೂನು ಹೇಳುತ್ತಿತ್ತು:
ಸರ್ಕಾರದ ಮೇಲೆ ದ್ವೇಷ, ತಿರಸ್ಕಾರ,
ಆಮೇಲೆ
ಡಿಸ್‌ಅಫೆಕ್ಷನ್.
ಅಲ್ಲಿ ನಿಂತಿತು ಲೇಖನಿ.
ಅಪ್ರೀತಿ ಎಂದೆ. ಹೊಡೆದುಹಾಕಿದೆ.
ಹಾಗಾದರೆ ಪ್ರೀತಿ ಬಾಕಿಯಿತ್ತೇ,
ಕಂದಾಯದ ಹಾಗೆ, ವರ್ಷಕ್ಕೆರಡು ಕಂತು?
ಅಭಕ್ತಿ ಎಂದೆ. ಅದು ಗುಡಿಯ ಮಾತು.
ದ್ರೋಹವೆಂದರೆ ಉಂಡ ಮನೆಗೆ ಎರಡು ಬಗೆದದ್ದು;
ಇವಳೋ ಉಣ್ಣಿಸಿದವಳು.
ಕೊನೆಗೆ ನಿಷ್ಠಾಹೀನತೆ ಎಂದು ಬರೆದು ರುಜು ಹಾಕಿದೆ,
ಯಾವ ಜಗಳದಲ್ಲೂ ಯಾರೂ ಬಳಸದ ಪದ.

ಸರ್ಕಾರಿ ವಕೀಲ ಅನಂತರಾಜಯ್ಯ
ಕಾಫಿ ಆರಿಸುತ್ತ ತಿಳಿಸಿಕೊಟ್ಟರು:
ಯುದ್ಧ ಹೂಡಿದರೆ ನೇಣು, ಇಲ್ಲವೆ ಜೀವಾವಧಿ.
ಬರೀ ಬಾಯಲ್ಲಾದರೆ ಮೂರು ವರ್ಷ,
ಮನಸ್ಸು ಮಾಡಿದರೆ ಅದಕ್ಕೂ ಜೀವಾವಧಿ ಉಂಟು.
ಆದರೆ ಬೈದರಷ್ಟೇ ಸಾಲದು,
ಬೈಗುಳಕ್ಕೆ ದೊಂಬಿ ಎಬ್ಬಿಸುವ ಗುಣ ಇರಬೇಕು
ಎಂದು ದೊಡ್ಡ ಕೋರ್ಟು ಎಂದೋ ಹೇಳಿದೆ.
"ಎದ್ದಿತೇ?" ಎಂದೆ.
"ಧೂಳೆದ್ದಿತು," ಎಂದರು.

ನಮ್ಮ ಜಿಲ್ಲೆಯ ಹೊಲಗಳಲ್ಲಿ ಶಾಸನಗಳು ನಿಂತಿವೆ.
ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು;
ಕೊನೆಯ ಸಾಲಲ್ಲಿ ಶಾಪ:
ಇದಕ್ಕೆ ಅಳುಪಿದವರು
ಗಂಗೆಯ ತಡಿಯಲ್ಲಿ ಕವಿಲೆಯ ಕೊಂದ ಪಾಪಕ್ಕೆ ಹೋಹರು.
ಕಲ್ಲಲ್ಲಿ ಕೊರೆಸಿದರೆ ರಾಜಶಾಸನ,
ಮಣ್ಣಲ್ಲಿ ತೂರಿದರೆ ರಾಜದ್ರೋಹ.
ಇದನ್ನು ಭಾಷಾಂತರದಲ್ಲಿ ಸೇರಿಸಲಿಲ್ಲ.
ಪಿಂಚಣಿಗೆ ಆರು ವರ್ಷವಿತ್ತು.

ಮೊಕದ್ದಮೆಗೆ ಬೆಂಗಳೂರಿನ ಅನುಮತಿ ಬೇಕಿತ್ತು,
ರಾಜ್ಯದ ಒಂದು ಸಹಿ.
ಸಂಬಳದ ಹಾಗೆ ಅದೂ ತಡವಾಯಿತು.
ವಾಯಿದೆಗೆ ವಾಯಿದೆ ಅವಳು ಮೊದಲ ಬಸ್ಸಿಗೆ ಬಂದು
ಕಟಕಟೆಯ ಮರ ಸವರುತ್ತ ನಿಲ್ಲುತ್ತಿದ್ದಳು,
ನಿನ್ನೆಯ ಪಾತ್ರೆಯಲ್ಲಿ ಜಿಡ್ಡು ಉಳಿದಿದೆಯೇ ನೋಡುವವಳಂತೆ.
ಒಮ್ಮೆ ಕೇಳಿದಳು:
"ಸ್ವಾಮಿ, ನಾ ಅಂದದ್ದು ಇಂಗ್ಲೀಸಲ್ಲಿ ಹೆಂಗೆ ಬಂದದೆ?"
ಓದಿ ಹೇಳಿದೆ, ಅರ್ಥವನ್ನೂ.
ನಕ್ಕುಬಿಟ್ಟಳು.
"ಅಯ್ಯೋ, ಬಲು ಮರ್ವಾದೆಯಾಗಿ ಬೈದಿವ್ನಿ."

ಆಮೇಲೆ ದಿಲ್ಲಿಯಿಂದ ತಡೆ ಬಂತು:
ಆ ಕಲಮಿನ ಕೇಸುಗಳು ಇದ್ದಲ್ಲೇ ಇರಲಿ.
ಬಿಡುಗಡೆಯಲ್ಲ, ಶಿಕ್ಷೆಯಲ್ಲ,
ಒಲೆಯಿಂದ ಇಳಿಸಿ ಬಸಿಯದೆ ಬಿಟ್ಟ ಅನ್ನ.
ಆಮೇಲೆ ಹೊಸ ಸಂಹಿತೆ.
ರಾಜದ್ರೋಹವೆಂಬ ತಲೆಬರಹ ಹೋಯಿತು;
ಸಾರ್ವಭೌಮತೆ, ಏಕತೆ, ಅಖಂಡತೆ ಬಂದವು
ನೂರ ಐವತ್ತೆರಡನೆಯ ಮನೆಗೆ.
ಮೂರಿದ್ದದ್ದು ಏಳಾಯಿತು.
ಜೀವಾವಧಿ ಕದಲಲಿಲ್ಲ.
ಅದನ್ನು ಕನ್ನಡಕ್ಕೆ ತರುವ ಕಷ್ಟ ನನ್ನದಲ್ಲ,
ನಾನು ಅಷ್ಟರಲ್ಲಿ ನಿವೃತ್ತ.

ಮೊನ್ನೆ ಯಾವುದೋ ಕಾಗದಕ್ಕೆ ರೆಕಾರ್ಡ್ ರೂಮಿಗೆ ಹೋದೆ.
ಅಟೆಂಡರ್ ಮುನೀರ್ ಬೈದುಕೊಳ್ಳುತ್ತಿದ್ದ.
ಇಲಿ ಕಡಿದು ಚೀಲ ಒಡೆದಿತ್ತು,
ಅರಗು ಹಾಗೇ ಇತ್ತು,
ಮಣ್ಣು ಮಾತ್ರ ಕೊಲೆ, ಕಳವು, ಬದುವಿನ ಕಡತಗಳ ಮೇಲೆಲ್ಲ.
ಪೊರಕೆಯಲ್ಲಿ ಗುಡಿಸಿ, ಮೊರಕ್ಕೆ ತುಂಬಿ,
ಕಿಟಕಿ ತೆರೆದು
ತೂರಿದ.
ಗಾಳಿ ಒಳಮುಖವಾಗಿತ್ತು.
"ಕಣ್ಣಿಗೆ ಬಿತ್ತಾ ಸಾರ್?" ಎಂದ.
"ಸ್ವಲ್ಪ," ಎಂದೆ.